ಮನೋಹರನಿಗಿಟ್ಟ ಎಡೆ

ಹತ್ತಿರ ಬನ್ನಿ, ಜೋರಾಗಿ ಹೇಳೋ ಮಾತಲ್ಲ ಇದು. ಯಾರೋ ಯಾರಿಗೋ ಹೇಳಿದ್ದೂ ಅಲ್ಲ. ನನ್ನ ಸ್ವಂತ ತಂಗಿ ಮಗಳು ಪ್ರತಿಭಾಗೆ ಆಗಿದ್ದು. ಹೋದ ವರ್ಷ.

ಚಾಮರಾಜಪೇಟೆಯಲ್ಲಿ ಅವಳ ಮನೆಗೆ ಹೋಗೋ ಅಡ್ಡರಸ್ತೇಲಿ ಒಂದು ಹಳೇ ಬಾವಿ ಇದೆ. ಕಬ್ಬಿಣದ ಜಾಲರಿ ಹಾಕಿ ಮುಚ್ಚಿದಾರೆ. ಅವತ್ತು ಆಫೀಸಲ್ಲಿ ತಡ ಆಗಿ ಒಬ್ಬಳೇ ನಡ್ಕೊಂಡು ಬರ್ತಿದ್ಲು. ಬಾವಿ ದಾಟಿದಳು... ಹಿಂದೆ ಸದ್ದು. ಟಪ್... ಸರ್ರ್... ಟಪ್... ಸರ್ರ್. ಒಂದು ಚಪ್ಪಲಿ ಸಡಿಲವಾಗಿ, ಆ ಕಾಲು ಎಳ್ಕೊಂಡು ನಡೆಯೋ ಸದ್ದು. ಅವಳಿಗೆ ಗೊತ್ತಾಗಲ್ವಾ? ಹದಿನಾಲ್ಕು ವರ್ಷ ಆ ಸದ್ದಿನ ಜೊತೆ ಸಂಸಾರ ಮಾಡಿದಾಳೆ. ಅವಳ ಗಂಡ ಮನೋಹರ್. ತೀರ್ಕೊಂಡು ಆಗಲೇ ಎಂಟು ತಿಂಗಳು.

ನಿಂತಳು. ಸದ್ದೂ ನಿಂತಿತು. ಆಮೇಲೆ ಕಿವಿ ಪಕ್ಕ, ಉಸಿರಿನಷ್ಟು ಸಣ್ಣಗೆ...

“ಹಸಿವು ಕಣೇ.”

ತಿರುಗಿದರೆ ಖಾಲಿ ರಸ್ತೆ.

ಬೆಳಿಗ್ಗೆ ನನ್ನ ಹತ್ರ ಓಡಿ ಬಂದ್ಲು. ಮುಖದಲ್ಲಿ ಭಯ ಇರಲಿಲ್ಲ ನೋಡಿ, ಅಳು ಇತ್ತು. ಕೊನೇ ನಾಲ್ಕು ದಿನ ಆಸ್ಪತ್ರೇಲಿ ಅವನ ಬಾಯಿಗೆ ಏನೂ ಹಾಕಬಾರದು ಅಂದಿದ್ರು. ಕಾರವಾರದವನು, ಮೀನು ಅಂದ್ರೆ ಪ್ರಾಣ. “ಒಂದು ತುಂಡು ಮೀನು ಕೊಡೇ” ಅಂತ ಕೈ ಹಿಡಿದು ಕೇಳಿದ್ನಂತೆ. ಇವಳು, “ಹುಷಾರಾಗಿ, ಆ ದೊಡ್ಡ ಹೋಟ್ಲಿಗೇ ಹೋಗೋಣ” ಅಂದಿದ್ಲು. ಲಾಲ್‌ಬಾಗ್ ಆಚೆ ಒಂದು ಮೀನಿನ ಹೋಟ್ಲು. ಗಾಜಿನದು, ಬಾಗಿಲಲ್ಲಿ ಸಲಾಮ್ ಹೊಡೆಯೋರು ಇರ್ತಾರೆ. ಬಸ್ಸಲ್ಲಿ ಹೋಗುವಾಗ ಇಬ್ಬರೂ ಕತ್ತು ಚಾಚಿ ನೋಡೋರು. ಒಳಗೆ ಮಾತ್ರ ಹೋಗಲೇ ಇಲ್ಲ.

“ಮಹಾಲಯ ಅಮಾವಾಸ್ಯೆ ಬಂತಲ್ಲ, ಎಡೆ ಇಡೇ” ಅಂದೆ. ನಮ್ಮಲ್ಲಿ ಪದ್ಧತಿ ಇದೆ. ಹೋದೋರಿಗೆ ಏನಿಷ್ಟವೋ ಅದನ್ನ ಬಾಳೆ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಆಚೆ ಬಂದ್ಬಿಡಬೇಕು. ಅವರು ಉಣ್ಣುವಾಗ ನೋಡಬಾರದು. ನೋಡಿದ್ರೆ ಅರ್ಧಕ್ಕೇ ಎದ್ದು ಹೋಗ್ತಾರೆ. ಸದ್ದಡಗಿದ ಮೇಲೆ ಚಪ್ಪಾಳೆ ತಟ್ಟಿ ಬಾಗಿಲು ತೆಗೀಬೇಕು.

“ಎಲ್ಲಿಡ್ಲಿ ದೊಡ್ಡಮ್ಮ?” ಅಂದ್ಲು. ಅವಳ ಮನೆ ಓನರ್ರು ಮಹಾನಂದಮ್ಮ ಒಳ್ಳೇ ಹೆಂಗಸೇ. ಆದ್ರೆ ಮನೆ ಕೊಡೋ ದಿನವೇ ಹೇಳಿದ್ರು, “ನೀನು ನನ್ನ ಮಗಳ ಹಾಗೆ ಕಣಮ್ಮ, ಮೀನು ಮಾತ್ರ ನನ್ನ ಮೆಟ್ಟಿಲು ಹತ್ತಬಾರದು.” ಇಷ್ಟು ವರ್ಷ ಹತ್ತಿರಲಿಲ್ಲ.

“ನಮ್ಮನೇಲಿ ಇಡು.”

“ಅವರಿಗೆ ಸಂಕೋಚ ದೊಡ್ಡಮ್ಮ. ನಿಮ್ಮೆದುರಿಗೆ ಯಾವತ್ತಾದ್ರೂ ಹೊಟ್ಟೆ ತುಂಬ ತಿಂದಿದಾರಾ?”

ಅದೂ ನಿಜವೇ. ಅಳಿಯ ಅಂದ್ರೆ ಕುರ್ಚಿ ತುದೀಲಿ ಕೂರೋ ಅಳಿಯ.

ಅಮಾವಾಸ್ಯೆ ಸಂಜೆ ಗಾಂಧಿ ಬಜಾರಲ್ಲಿ ಒಂದು ಬಾಳೆ ಎಲೆ ತಗೊಂಡು, ಸೀದಾ ಆ ಹೋಟ್ಲಿಗೆ ಹೋದ್ಲು. ಮೂಲೆ ಟೇಬಲ್ಲು. ಎದುರಿಗೆ ಖಾಲಿ ಕುರ್ಚಿ. ಬಡಿಸೋನ ಹೆಸರು ಶಶಿಕಿರಣ್, ಕೋಟಿನ ಮೇಲೆ ಬರೆದಿತ್ತಂತೆ.

“ಇನ್ನೊಬ್ರು ಬರ್ತಿದಾರಾ ಮೇಡಂ?”

“ಬರ್ತಾರೆ.”

“ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೇನೋ.”

“ಹೂಂ... ದೂರದಿಂದ ಬರಬೇಕು.”

ಐಸ್ ಮೇಲೆ ಮಲಗಿಸಿದ ಮೀನುಗಳನ್ನ ತಟ್ಟೇಲಿ ತಂದು ತೋರಿಸಿದ. ಯಾವುದು ಬೇಕೋ ಆರಿಸಬೇಕಂತೆ. ಇವಳು ಅಗಲವಾದ ಒಂದು ಪಾಂಫ್ರೆಟ್ ತೋರಿಸಿ, “ಇಡಿಯಾಗಿ ಹುರಿದು ಕೊಡಿ” ಅಂದ್ಲು. ಅದು ಬಂದಾಗ ಇನ್ನೂ ಚುಯ್ಯ್ ಅಂತಿತ್ತು. ಎದುರುಗಡೆ ಬಾಳೆ ಎಲೆ ಹಾಸಿ, ಅದರ ಮೇಲಿಟ್ಲು. ಪಕ್ಕದ ಟೇಬಲ್ಲಿನವರು ಏಡಿ ಕಾಲು ಮುರೀತಾ ನಗ್ತಿದ್ರು. ಇವಳ ಕಡೆ ಯಾರೂ ನೋಡಲಿಲ್ಲ.

ಈಗ ಬಾಗಿಲು? ಹೋಟ್ಲಲ್ಲಿ ಯಾವ ಬಾಗಿಲು ಮುಚ್ತೀರಿ? ಅದಕ್ಕೆ ಅವಳೇ ಎದ್ದಳು. “ಆ ಎಲೆ ಮುಟ್ಟಬೇಡಿ, ದಯವಿಟ್ಟು” ಅಂತ ಶಶಿಕಿರಣ್‌ಗೆ ಹೇಳಿ, ಕೈ ತೊಳೆಯೋ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡ್ಲು.

ನಲ್ಲಿ ತೊಟ್ಟಿಕ್ತಿತ್ತು. ತೊಟ್... ತೊಟ್...

ಆಮೇಲೆ ಕುರ್ಚಿ ಎಳೆದ ಸದ್ದು. ಕ್ರೀಚ್. ಹುರಿದ ತೊಗಲು ಮುರಿದ ಸದ್ದು. ಕರಕ್... ಕರಕ್... ಅದಾದ ಮೇಲೆ ಮುಳ್ಳು ಚೀಪೋ ಸದ್ದು. ಚಪ್... ಚಪ್... “ಮಗು ಥರ ಚೀಪ್ತೀರಲ್ರೀ” ಅಂತ ಇವಳೇ ಬೈತಿದ್ದ ಸದ್ದು.

ಎಂಟು ತಿಂಗಳು ಎದುರಿಗೆ ಯಾರೂ ಕೂತು ಉಣ್ಣದ ಮನೇಲಿ ಇದ್ದವಳು. ಹೇಗೆ ತಡ್ಕೋತಾಳೆ ಹೇಳಿ? ಬಾಗಿಲನ್ನ ಒಂದು ಬೆರಳಷ್ಟು ಸಂದಿ ಮಾಡಿ ನೋಡಿಯೇಬಿಟ್ಲು.

ಸದ್ದು ನಿಂತುಹೋಯ್ತು.

ಕುರ್ಚಿ ಹಿಂದಕ್ಕೆ ಸರಿದಿತ್ತು. ಖಾಲಿ. ಮೀನಿನ ಮೇಲ್ಮೈ ಪೂರ್ತಿ ಖಾಲಿಯಾಗಿ ಬಿಳೀ ಮುಳ್ಳು ಕಾಣ್ತಿತ್ತು. ಕೆಳಮೈ ಮಗುಚೇ ಇರಲಿಲ್ಲ. ಶಶಿಕಿರಣ್ ಗೋಡೆಗೆ ಒರಗಿ ನಿಂತಿದ್ದ. “ಮೇಡಂ... ನಾನು ಇಲ್ಲೇ ಇದ್ದೆ. ಯಾರೂ ಬರಲಿಲ್ಲ” ಅಂತ ಪಿಸುಗುಟ್ಟಿದ. ಇವಳು ಹಣೆ ಚಚ್ಕೊಂಡ್ಲು. ಆಸ್ಪತ್ರೇಲಿ ಹಸಿದೇ ಹೋದ್ರು, ಇಲ್ಲೂ ಅರ್ಧ ಹೊಟ್ಟೇಲಿ ಎಬ್ಬಿಸಿದೆನಲ್ಲ ಅಂತ.

ಶಶಿಕಿರಣ್ ಉಳಿದಿದ್ದನ್ನ ಎಲೆ ಸಮೇತ ಡಬ್ಬೀಲಿ ಹಾಕಿ, ಈರುಳ್ಳಿ, ಒಂದು ಹೋಳು ನಿಂಬೆಹಣ್ಣು ಇಟ್ಟು, ಎರಡೂ ಕೈಲಿ ಕೊಟ್ಟ.

ಆಟೋ ಇಳಿದಳು. ಮನೆ ಗೇಟು ಎದುರಿಗೇ ಇದೆ, ಡಬ್ಬಿ ಒಳಗೆ ಒಯ್ಯೋ ಹಾಗಿಲ್ಲ. ಎದುರಿನ ಟೈಲರ್ ಅಂಗಡಿ ಮುಚ್ಚಿತ್ತು. ಅದರ ಕಲ್ಲು ಮೆಟ್ಟಿಲ ಮೇಲೆ ಎಲೆ ಬಿಚ್ಚಿಟ್ಟು, ಬೆನ್ನು ತಿರುಗಿಸಿ, ಸೆರಗಿಂದ ಕಣ್ಣು ಮುಚ್ಕೊಂಡು ನಿಂತ್ಲು.

ತುಂಬಾ ಹೊತ್ತು ಏನೂ ಇಲ್ಲ...

ಕರಕ್.

ಕೈಯಳತೆ ದೂರ. ತಿರುಗಿದ್ರೆ ಮುಖ ಕಾಣುತ್ತೆ. ತಿರುಗಿದ್ರೆ ಅವನು ಹಸಿದು ಹೋಗ್ತಾನೆ. ಸೆರಗು ಒದ್ದೆಯಾಗಿಹೋಯ್ತಂತೆ. “ಮುಳ್ಳು ಜೋಪಾನ ರೀ” ಅಂದ್ಲು, ಅಷ್ಟೇ. ಸದ್ದು ಒಂದು ಗಳಿಗೆ ನಿಂತಿತು... ಮತ್ತೆ ಶುರುವಾಯ್ತು. ಅದು ತಾನಾಗಿ ಮುಗಿಯೋವರೆಗೂ ಅವಳು ತಿರುಗಲಿಲ್ಲ. ಆಮೇಲೂ ಎಷ್ಟೋ ಹೊತ್ತು ತಿರುಗಲಿಲ್ಲ. ಕೊನೆಗೆ ಚಪ್ಪಾಳೆ ತಟ್ಟಿದಳು. ಆ ರಸ್ತೇಲಿ ಆ ಚಪ್ಪಾಳೆ ಒಂದೇ.

ನಾಯಿ ತಿಂದಿರುತ್ತೆ ಅಂತೀರಿ, ಗೊತ್ತು. ನನ್ನ ಮಗನೂ ಹಾಗೇ ಅಂದ. ಅವತ್ತು ರಾತ್ರೀನೇ ಆ ಎಲೆ ನನಗೆ ತಂದು ತೋರಿಸಿದಾಳೆ ಅವಳು, ಈ ಕಣ್ಣಲ್ಲಿ ನೋಡಿದೀನಿ. ಮುಳ್ಳು ಒಂದೂ ಮುರಿಯದೆ ಬಾಚಣಿಗೆ ಹಾಗೆ ಪಕ್ಕಕ್ಕಿತ್ತು. ನಿಂಬೆಹೋಳು ಚೆನ್ನಾಗಿ ಹಿಂಡಿತ್ತು. ಬೀಜಗಳನ್ನ ಎಲೆಯ ತುದೀಲಿ ಒಟ್ಟು ಮಾಡಿಟ್ಟಿತ್ತು.