ತಡೆಗೊಕ್ಕೆಗೆ ಕಟ್ಟಿದ್ದ ತಂತಿ

ನಾನು ವೆನೆತಾ ಕರಾಜೋವಾ, 63 ವರ್ಷ, ಹೈಸ್ಕೂಲ್‌ವರೆಗೆ ಓದು, ಬಲ್ಗೇರಿಯಾದ ರೊಡೊಪಿ ಬೆಟ್ಟಸೀಮೆಯ ಗೋರ್ನೊ ಯೆಲೊವೊ ಗ್ರಾಮದ ವಾಸಿ, ಜನರನ್ನು ಹಗ್ಗಕ್ಕೆ ತೂಗುವ ಕುರ್ಚಿಗಳಲ್ಲಿ ಹಿಮದ ಬೆಟ್ಟಕ್ಕೇರಿಸುವ ಅಲ್ಲಿನ ಸ್ಕೀ ಕುರ್ಚಿ-ಲಿಫ್ಟಿನ ಕೆಳನಿಲ್ದಾಣದಲ್ಲಿ 31 ವರ್ಷಗಳಿಂದ ಯಂತ್ರ ನಡೆಸುವವಳು, ಈ ಮೂಲಕ ತಿಳಿಸುವುದೇನೆಂದರೆ:

ಇಂದು ಮಾರ್ಚ್ 1. ಬೆಳಿಗ್ಗೆ 7.50ಕ್ಕೆ, ಪ್ರತಿ ವರ್ಷದಂತೆ, ನಮ್ಮಲ್ಲಿ ಈ ದಿನ ಕ್ಷೇಮಕ್ಕೆಂದು ಕಟ್ಟುವ ಕೆಂಪು-ಬಿಳಿ ದಾರವನ್ನು ಮನೆಯವರ ಕೈಗೆ ಕಟ್ಟಿದ ಮೇಲೆ ಯಂತ್ರಕ್ಕೂ ಒಂದು ಕಟ್ಟಲು ಏಣಿ ಹತ್ತಿದೆನು. ಹಗ್ಗ ಎಳೆಯುವ ದೊಡ್ಡ ಚಕ್ರ ಹಿಂದಕ್ಕೆ ತಿರುಗಿದರೆ ಅದರ ಹಲ್ಲಿಗೆ ಬಿದ್ದು ಹಿಡಿಯುವ ಉಕ್ಕಿನ ತಡೆಗೊಕ್ಕೆಗೆ ನಾನು ದಾರ ಕಟ್ಟುವುದು. ಕೊಕ್ಕೆಯನ್ನು ಯಾರೋ ಮೇಲೆತ್ತಿ, ಬೀಳದಂತೆ ತಂತಿಯಿಂದ ಬಿಗಿದಿದ್ದರು. ತಂತಿ ಕತ್ತರಿಸಿ, ದಾರ ಕಟ್ಟಿ, ಸಮಯವನ್ನು ದಿನಚರಿ ಪುಸ್ತಕದಲ್ಲಿ ಬರೆದೆನು.

9.20ಕ್ಕೆ ಲಿಫ್ಟಿನ ಮುಖ್ಯಸ್ಥನಾದ ನನ್ನ ಅಳಿಯ ಲ್ಯುಬೆನ್ ಬಂದು, ದಾರ ಕಟ್ಟೋಕೆ ಹೋದೋರು ದಾರ ಕಟ್ಟಿ ಇಳೀಬೇಕು ಅತ್ತೆಮ್ಮ, ತಂತಿ ನಿಮಗೇನು ಮಾಡಿತ್ತು ಎಂದು ಕೇಳಿದನು. ಲಿಫ್ಟ್ ನಿಂತಾಗಲೆಲ್ಲ ಕೊಕ್ಕೆ ಬೀಳುತ್ತದೆ, ಅದನ್ನೆತ್ತಲು ಅರ್ಧ ಗಂಟೆ ಬೇಕು, ರಜೆಗೆ ಬಂದ ಜನ ಬೈಯುತ್ತಾರೆ, ಆದ್ದರಿಂದ ತಾನೇ ಕಟ್ಟಿದ್ದು, ಬ್ರೇಕು ಎರಡಿವೆಯಲ್ಲ ಎಂದನು. ಬೈಸ್ಕೊಂಡ್ರೆ ಯಾರೂ ಸಾಯಲ್ಲ ಕಣೋ ಎಂದೆನು. ಊಟದ ಹೊತ್ತಿಗೆ ಮತ್ತೆ ಕಟ್ಟುವುದಾಗಿ ಹೇಳಿದ ಅವನು 11.36ಕ್ಕೆ ಕುರ್ಚಿ ಹತ್ತಿ ಮೇಲಕ್ಕೆ ಹೋದನು.

11.42ಕ್ಕೆ ಗೇರ್‌ಬಾಕ್ಸಿನಲ್ಲಿ ಗುಂಡು ಹಾರಿದಂತೆ ಸದ್ದಾಯಿತು. ಕೆಂಪು ಗುಂಡಿ ಒತ್ತಿದೆನು. ಮೋಟಾರಿನ ಬ್ರೇಕ್ ಮೋಟಾರನ್ನು ಹಿಡಿಯಿತು. ಆದರೆ ಮೋಟಾರಿಗೂ ಚಕ್ರಕ್ಕೂ ನಡುವಿನ ದಂಡವೇ ಮುರಿದಿತ್ತು. ಮೇಲೇರುತ್ತಿದ್ದ 58 ಜನರ ಭಾರಕ್ಕೆ ಚಕ್ರ ಹಿಂದಕ್ಕೆ ಹೊರಳಿತು. ಚಕ್ರದ ಬ್ರೇಕ್ ಕಚ್ಚಿತು, ಸವೆದ ಪ್ಯಾಡ್ ಜಾರಿತು. ಕೊಕ್ಕೆ ಬಿತ್ತು. ಕುರ್ಚಿಗಳು ಎರಡು ಮೀಟರ್ ಹಿಂದೆ ಬಂದು ನಿಂತವು. ದಾರ ಹರಿದಿರಲಿಲ್ಲ.

ನಡುದಾರಿಯಲ್ಲಿ ನಿಂತ ಕುರ್ಚಿಯಿಂದ ಲ್ಯುಬೆನ್‌ನನ್ನು ಮಧ್ಯಾಹ್ನ 2.05ಕ್ಕೆ ಹಗ್ಗದಲ್ಲಿ ಇಳಿಸಿದರು. ಚಳಿಗೆ ತುಟಿ ನೀಲಿಯಾಗಿತ್ತು. ನನ್ನ ಕೋಟು ಹೊದಿಸಿದೆನು. ತಂತಿ ವಿಷ್ಯ ಎತ್ಬೇಡಿ ಅತ್ತೆಮ್ಮ, ನಿಮ್ಮ ಮಗಳ ಮುಖ ನೋಡಿ ಎಂದನು. ಅವಳೂ ಇದೇ ಕುರ್ಚೀಲಿ ಕೂರ್ತಾಳೆ, ಅದಕ್ಕೇ ಎತ್ತೋದು ಎಂದೆನು.

ಈ ಹೇಳಿಕೆ ಬರೆದುಕೊಳ್ಳುತ್ತಿರುವ ಪೊಲೀಸ್ ದಿಮೋ ನಮ್ಮೂರಿನವನೇ. ಕೊಕ್ಕೆ ತಾನಾಗಿ ಬಿತ್ತು ಎಂದಷ್ಟೇ ಬರೆದು, ಸುಳ್ಳೇನಲ್ವಲ್ಲ ವೆನೆತಜ್ಜಿ ಎಂದನು. ಬೀಳೋಕೆ ಬಿಟ್ಟೋಳು ನಾನು, ಕಟ್ಟಿಟ್ಟೋನು ನನ್ನ ಅಳಿಯ, ಎರಡೂ ಬರಿ ಎಂದೆನು. 40 ಸೆಂ.ಮೀ. ಉದ್ದದ ತಂತಿಯನ್ನು ಒಪ್ಪಿಸಿದ್ದೇನೆ. ದಂಡ, ಪ್ಯಾಡ್ ಬದಲಾಗುವವರೆಗೆ ಯಂತ್ರದ ಕೋಣೆಯ ಬೀಗದ ಕೈ ನನ್ನ ಬಳಿಯೇ ಇರುತ್ತದೆ. ಬೇಕಾದವರು ನನ್ನನ್ನು ಬಂಧಿಸಿ ಪಡೆಯಬಹುದು.

ಇದನ್ನು ನನಗೆ ಓದಿ ಹೇಳಿದರು. ಕೊಕ್ಕೆ ತಾನಾಗಿ ಬಿತ್ತೆಂದು ದಿಮೋ ಬರೆದಿದ್ದ ಸಾಲನ್ನು ನಾನೇ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಉಳಿದ ಪ್ರತಿ ಸಾಲೂ ಸತ್ಯ.

ಸ್ಥಳ: ಗೋರ್ನೊ ಯೆಲೊವೊ ಠಾಣೆ
ದಿನಾಂಕ: ಮಾರ್ಚ್ 1, ಸಂಜೆ 5.15
ಸಹಿ: ವೆನೆತಾ ಕರಾಜೋವಾ