ಗಾಳೆವ್ವ ಹೂಂ ಅನ್ನದ ದಿನ

ಬರ್ರಿ, ಕುಂದರ್ರಿ. ಕೈಲೆ ಶೇಂಗಾ ಸುಲೀರಿ, ಬಾಯಿಲೆ ಹೂಂ ಅನ್ರಿ. ಹೂಂ ಅನ್ನೋರು ಇಲ್ಲಂದ್ರ ನನ್ನ ಕತಿ ಒಂದು ಹೆಜ್ಜಿನೂ ಮುಂದ ಹೋಗಂಗಿಲ್ಲ.

ಒಂದು ಊರು. ಹೆಸರು ಕೇಳಬ್ಯಾಡ್ರಿ, ಹೇಳಿದ್ರ ಆ ಊರವ್ರು ನನ್ನ ಜೋಡಿ ಜಗಳಕ್ಕ ಬರ್ತಾರ. ಆ ಊರಾಗ ಗಾಳೆವ್ವ ಅಂತ ಒಬ್ಬಾಕಿ, ಭರಮಪ್ಪ ಅಂತ ಆಕಿ ಗಂಡ. ಭರಮಪ್ಪ ಕತಿ ಹೇಳಾಂವ, ಗಾಳೆವ್ವ ಹೂಂ ಅನ್ನಾಕಿ. ಆಕಿ ಹೂಂ ಅಂದ್ರ ಊರೆಲ್ಲ ನಂಬತಿತ್ತು.

ಒಂದಿನ ಗಾಳೆವ್ವ ಸೀತಾಫಲದ ಬುಟ್ಟಿ ಹೊತ್ಗೊಂಡು ಗುಡ್ಡ ಇಳೀತಿದ್ಲು. ಎದುರಿಗೆ ಬಂತು ನೋಡ್ರಿ ಕರಡಿ! ಮುಂದೇನಾತು? ಅದು ಆಕಿ ಒಬ್ಬಾಕಿಗೇ ಗೊತ್ತು. ಬರಿಗೈಲೆ ಮನಿಗೆ ಬಂದ್ಲು, "ಕರಡಿ ಕಂಡೆ" ಅಂದ್ಲು, ಒಂದು ಚರಿಗಿ ನೀರು ಕುಡಿದು ಮಲಗಿಬಿಟ್ಲು.

ಭರಮಪ್ಪಗ ಅಷ್ಟು ಸಾಕಾತು. ಮರುದಿನ ಕಟ್ಟಿ ಮ್ಯಾಲೆ ಕುಂತು, "ನನ್ನ ಹೇಣ್ತಿ ಬಡಿಗಿಲೆ ಕರಡಿ ಬಡಿದು ಓಡಿಸಿದ್ಲು. ಹೌದಿಲ್ಲ?" ಅಂದ. ಗಾಳೆವ್ವ ಹೂಂ ಅಂದ್ಲು. ಮುಂದಿನ ವಾರ ಕರಡಿ ಎರಡಾದ್ವು. ಹೂಂ ಅಂದ್ಲು. ಅಮಾಸಿ ಬರೂದ್ರಾಗ ಮೂರಾದ್ವು, ಮೂರನ್ನೂ ಸೆರಗಿಲೆ ಗಿಡಕ್ಕ ಕಟ್ಟಿ ಹಾಕಿದ್ಲು! ಅದಕ್ಕೂ ಹೂಂ. ಯಾಕಂತೀರಿ? ಕತಿ ಹೇಳುವಾಗ ಗಂಡನ ಮಾರಿ ಅರಳತಿತ್ತು. ಆ ಮಾರಿ ನೋಡೂದಂದ್ರ ಆಕಿಗೆ ಭಾಳ ಖುಷಿ. ಒಂದು ಹೂಂ ಅಂದ್ರ ಏನ್ ಹೋಗೂದೈತಿ?

ಏನ್ ಹೋತು, ಕೇಳ್ರಿ.

ಆ ಊರಿಗೆಲ್ಲ ಇದ್ದದ್ದು ಒಂದ ನೀರಿನ ಒರತಿ, ಗುಡ್ಡದ ಬುಡಕ್ಕ. ಅಲ್ಲಿ ಒಂದು ಕರಡಿ ಬಂದು ಠಿಕಾಣಿ ಹೂಡ್ತು. ಒಂದಿನ ಆತು, ಎರಡು ದಿನ ಆತು, ಮೂರನೇ ದಿನಕ್ಕ ಮನಿಮನಿ ಕೊಡ ಬರಿದಾದ್ವು. ಊರ ಗೌಡ ಮಂದೀನ ಕರ್ಕೊಂಡು ಬಂದು ಗಾಳೆವ್ವನ ಬಾಗಲಾಗ ನಿಂತ.

"ತಂಗೆವ್ವಾ, ಮೂರು ಕಟ್ಟಿದಾಕಿ ನೀನು. ಇದು ಒಂದ ಐತಿ."

ಆಕಿ ಹಣೆಗೆ ಅರಿಷಿಣದ ಭಂಡಾರ ಹಚ್ಚಿದ್ರು. ಕೈಯಾಗ ಬಡಿಗಿ ಕೊಟ್ರು. ಭರಮಪ್ಪನ ಮಾರಿ ಸುಣ್ಣ ಆತು. "ಗೌಡ್ರ, ಆಕಿ ಹೋಗೂದು ಬ್ಯಾಡ್ರಿ. ನಾ ಹೇಳಿದ್ದು..." ಅಂತ ಬಡಿಗಿ ಕಸ್ಕೊಳ್ಳಾಕ ಬಂದ.

"ಮೂರು ಕಟ್ಟಿದ್ದಿ, ಹೌದಿಲ್ಲವ್ವಾ?" ಗೌಡ ಕೇಳಿದ.

ಗಾಳೆವ್ವ ಹೂಂ ಅನ್ಲಿಲ್ಲ. ಬಡಿಗಿ ಕೆಳಗಿಟ್ಲು. ಗಂಡನ ಕಡೆ ತಿರುಗಿ, "ಇವತ್ತು ಕತಿ ನಾ ಹೇಳ್ತೀನಿ. ನೀವು ಹೂಂ ಅನ್ರಿ" ಅಂದ್ಲು.

"ಕರಡಿ ಒಂದ ಇತ್ರಿ. ನಾ ಬಡೀಲಿಲ್ಲ, ಕಟ್ಟಲಿಲ್ಲ, ಓಡಿಸ್ಲಿಲ್ಲ. ಅಂಜಿ ಅಲ್ಲೇ ಕುಸಿದು ಕುಂತೆ. ಸೀರ್ಯಾಗ ಉಚ್ಚಿ ಹೊಯ್ಕೊಂಡೆ. ಬುಟ್ಟಿ ಬಿತ್ತು, ಹಣ್ಣು ಉರುಳಿದ್ವು. ಕರಡಿ ನನ್ನ ಕಡೆ ಹೊಳ್ಳಿ ನೋಡ್ಲಿಲ್ಲ. ಹಣ್ಣಿನ ಹಿಂದ ಹೋತು, ತಿನ್ಕೋತ ತಿನ್ಕೋತ ಹಳ್ಳದ ಆಚಿ ದಾಟಿತು."

ಭರಮಪ್ಪ ಕಣ್ಣು ಒರಸ್ಕೊಂಡು, "ಹೂಂ" ಅಂದ.

ಗೌಡನ ಮುದುಕಿ ತಾಯಿ ಬೊಚ್ಚು ಬಾಯಿ ತೆಗೆದು ನಕ್ಕುಬಿಟ್ಲು. "ನಾನಾಗಿದ್ರ ಎರಡು ಸೀರಿ ತೋಯಿಸ್ತಿದ್ದೆ! ಏನ್ ನೋಡ್ಕೋತ ನಿಂತೀರಿ? ಹಣ್ಣು ತರ್ರಿ!"

ಊರಿಗೆ ಊರೇ ಗುಡ್ಡ ಹತ್ತಿ ಸೀತಾಫಲ ಹರೀತು. ಮ್ಯಾಲಿಂದ ಹಳ್ಳದ ಕಡೆ ಉರುಳಿಸಿದ್ರು. ಕರಡಿ ಮೂಗು ಎತ್ತಿತು, ಮೈ ಮುರೀತು, ಹಣ್ಣಿನ ಹಿಂದ ಹೊಂಟಿತು. ಹಳ್ಳದ ಆಚಿ ಅಡವ್ಯಾಗ ಇನ್ನೂ ಹಣ್ಣು ಕಂಡ್ವು, ತಿರುಗಿ ಬರ್ಲಿಲ್ಲ. ಹೆಣ್ಮಕ್ಕಳು ಕೊಡ ತುಂಬಿದ್ರು, ಒಬ್ಬರಿಗೊಬ್ಬರು ನೀರು ಉಗ್ಗಿ ಕುಣಿದ್ರು.

ಸಂಜಿಗೆ ಭರಮಪ್ಪ ಮತ್ತ ಕಟ್ಟಿ ಮ್ಯಾಲೆ ಕುಂತ. ಅಂಜ್ಕೋತ ಸುರು ಮಾಡಿದ: "ಕರಡಿ ಒಂದ. ನನ್ನ ಹೇಣ್ತಿ ತಲಿ ಮ್ಯಾಲೆ ಹಣ್ಣಿನ ಬುಟ್ಟಿ ಒಂದ..."

"ಒಂದ್ಯಾಕ? ಮೂರು ಬುಟ್ಟಿ ಅನ್ರಿ!" ಅಂದ್ಲು ಗಾಳೆವ್ವ.

ಭರಮಪ್ಪ ಹೇಣ್ತಿ ಮಾರಿ ನೋಡಿದ. ಅರಳಿತ್ತು.

"ಹೂಂ" ಅಂದ.

ಕರಡಿ ಅಡವಿಗೆ ಹೋತು, ನೀರು ಕೊಡಕ್ಕ ಬಂತು, ಕತಿ ನಿಮ್ಮ ಉಡಿಗೆ ಬಿತ್ತು. ಎಷ್ಟು ಖರೆ, ಎಷ್ಟು ಸುಳ್ಳು? ನನ್ನ ಕೇಳಬ್ಯಾಡ್ರಿ. ಹೂಂ ಅಂದವ್ರು ನೀವ.