ಹಡಗು ಹತ್ತುವ ಮುಂಚೆ

ಇಲ್ಲ ರೀ, ಸೂಟ್‌ಕೇಸು ಇನ್ನು ನಮ್ಮ ಕೈಗೆ ಬರಲ್ಲ. ಕೊಟ್ಟಾಯ್ತಲ್ಲ. ಸಂಜೆ ಹೊತ್ತಿಗೆ ನಮ್ಮ ರೂಮಿನ ಬಾಗಿಲ ಮುಂದೆ ತಾನಾಗಿ ಬಂದು ನಿಂತಿರುತ್ತೆ. ಆಗ ತೆಗೆದು ಆ ಫೋನನ್ನ ಎಷ್ಟು ಬೇಕಾದರೂ ಒತ್ತಿಕೊಳ್ಳಿ. ಅದು ಅದರೊಳಗೆ ಹೇಗೆ ಹೋಯ್ತು ಅಂತ ಮಾತ್ರ ಇನ್ನೊಂದು ಸಲ ಕೇಳಬೇಡಿ. ಹೇಳಿದೆನಲ್ಲ, ಅವಸರದಲ್ಲಿ ನಿಮ್ಮ ಸ್ವೆಟರ್ ಜೊತೆ ಮಡಚಿ ಇಟ್ಟುಬಿಟ್ಟೆ. ಮೂವತ್ತೊಂದು ವರ್ಷ ಸಂಸಾರ ಮಾಡಿದವಳು ಒಂದು ಫೋನು ತಪ್ಪಿಟ್ಟಿದ್ದಕ್ಕೆ ಈ ಮುಖವಾ?

ಕೂತ್ಕೊಳ್ಳಿ. ಬಂದರಿನ ಈ ಹಾಲ್‌ನಲ್ಲಿ ಮಾಡೋ ಕೆಲಸವೇ ಅದು, ಕೂತ್ಕೊಳ್ಳೋದು. ನಮ್ಮದು ಹತ್ತೊಂಬತ್ತನೇ ಗುಂಪು, ಈಗ ಕರೀತಿರೋದು ಹನ್ನೊಂದು. ಅಷ್ಟರಲ್ಲಿ ಈ ಫಾರಂ ತುಂಬಿ. ಜ್ವರ, ವಾಂತಿ, ಕೆಮ್ಮು... ಎಲ್ಲಕ್ಕೂ ಇಲ್ಲ ಅಂತ ಗೀಟು ಎಳೀರಿ. ನಿಮಗೆ ಕೆಮ್ಮಿದೆಯಾ? ಅದು ಕೆಮ್ಮಲ್ಲ ರೀ, ನಾನು ಮಾತಾಡಿದಾಗೆಲ್ಲ ನೀವು ಕೊಡೋ ಉತ್ತರ.

ನನ್ನ ಫೋನಿಂದಾನಾ? ಮಾಡಿ, ಬೇಡ ಅಂದವರು ಯಾರು? ನಿಮ್ಮ ಅತ್ತಿಗೆ ನಂಬರ್ ಹೇಳಿ, ಒತ್ತುತೀನಿ. ನೋಡಿದ್ರಾ, ನಿಮಗೂ ಬಾಯಿಗೆ ಬರಲ್ಲ. ನನ್ನ ಫೋನಿಂದ ಅವರ ನಂಬರು ಹೋಗಿ ಆರು ವರ್ಷ ಆಯ್ತು. ನಿಮ್ಮ ಅಣ್ಣ ನಿಮ್ಮಿಬ್ಬರ ಅಂಗಡಿ ಮಧ್ಯೆ ಪ್ಲೈವುಡ್ ಗೋಡೆ ಹಾಕಿಸಿದ ದಿನ ನಾನೇ ಅಳಿಸಿದೆ. ನೀವು ಅಳಿಸಲಿಲ್ಲ, ಗೊತ್ತು. ಗೋಡೆಯ ಆ ಕಡೆ ಅವರು ಕೆಮ್ಮಿದರೆ ಈ ಕಡೆ ನೀವು ಸ್ಕ್ರೂಡ್ರೈವರ್ ಕೆಳಗಿಟ್ಟು ಕಿವಿಗೊಟ್ಟು ಕೂರ್ತಿದ್ರಿ. ಗಿರಾಕಿ ರಿಪೇರಿಗೆ ತಂದ ಹೊಲಿಗೆ ಮಷೀನು ಹಿಡ್ಕೊಂಡು ಎದುರಿಗೆ ನಿಂತಿದ್ದರೂ ಕಾಣಿಸ್ತಿರಲಿಲ್ಲ ನಿಮಗೆ.

ಭಾವನವರಿಗೆ ಏನೂ ಆಗಲ್ಲ. ಮೊನ್ನೆ ಆಸ್ಪತ್ರೆಗೆ ಸೇರಿಸಿದ್ದಾರೆ, ಸರಿ. ವಯಸ್ಸಾದವರು ಆಸ್ಪತ್ರೆಗೆ ಹೋಗ್ತಾರೆ, ನಾಲ್ಕು ದಿನ ಎಲ್ಲರನ್ನೂ ಬೈದು ವಾಪಸ್ ಬರ್ತಾರೆ. ನಾವೂ ಎಂಟು ದಿನಕ್ಕೆ ವಾಪಸ್. ಅಷ್ಟರಲ್ಲಿ ಏನು ಆಕಾಶ ಕಳಚಿ ಬೀಳುತ್ತಾ?

ಈಗ ಕೇಳಿ, ಮುಂದೇನಾಗುತ್ತೆ ಅಂತ ಹೇಳ್ತೀನಿ. ಆ ಕೌಂಟರ್ ಹತ್ತಿರ ಪಾಸ್‌ಪೋರ್ಟ್ ನೋಡ್ತಾರೆ, ಒಂದು ಫೋಟೋ ತೆಗೀತಾರೆ. ನಗಬೇಕು ಅಂತೇನಿಲ್ಲ, ಆದರೆ ಯಾರೋ ಕೈಕಟ್ಟಿ ಎಳೆದು ತಂದವರ ಹಾಗೆ ಕಾಣಬೇಡಿ. ಎಂಟು ದಿನವೂ ಆ ಮುಖ ತೋರಿಸಿಯೇ ಒಳಗೆ ಹೊರಗೆ ಓಡಾಡಬೇಕು. ಆಮೇಲೆ ಒಂದು ಕಾರ್ಡ್ ಕೊಡ್ತಾರೆ, ಬೀಗದಕೈ, ಊಟ, ಎಲ್ಲ ಅದೇ. ಹತ್ತಿದ ತಕ್ಷಣ ಜನ ಊಟದ ಹಾಲ್‌ಗೆ ನುಗ್ತಾರೆ, ಕಂಡೇ ಇಲ್ಲವೇನೋ ಅನ್ನೋ ಹಾಗೆ. ನಾವು ನುಗ್ಗೋದು ಬೇಡ. ಮೇಲಿನ ಡೆಕ್ಕಿಗೆ ಹೋಗಿ ಒಂದು ಜಾಗ ಹಿಡಿಯೋಣ. ಹೊರಡೋ ಮುಂಚೆ ಪ್ರತಿಯೊಬ್ಬರೂ ಹೇಳಿದ ಜಾಗಕ್ಕೆ ಹೋಗಿ, ಮುಳುಗಿದರೆ ಏನು ಮಾಡಬೇಕು ಅಂತ ಕೇಳಿಸಿಕೊಳ್ಳಬೇಕು. ಒಬ್ಬರು ಬರದಿದ್ದರೂ ಹೆಸರು ಹಿಡಿದು ಕೂಗ್ತಾರೆ. ನಮ್ಮ ಕಾಲದಲ್ಲಿ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ಬಿಸಿಲಲ್ಲಿ ನಿಲ್ಲಿಸ್ತಿದ್ರು.

ನಮ್ಮ ಕಾಲ ಅಂದೆ ಅಂತ ನಗ್ತೀರಾ? ನಗಿ, ಅಷ್ಟಾದರೂ ಆಗಲಿ. ಹನ್ನೊಂದು ವರ್ಷ ರೀ. ಇಂಥ ಹಡಗುಗಳ ಹೊಟ್ಟೆಯೊಳಗೆ ಹನ್ನೊಂದು ವರ್ಷ ಬಟ್ಟೆ ಒಗೆದಿದೀನಿ. ಇವತ್ತಿನ ದಿನ ಇದೆಯಲ್ಲ, ನಿಮಗೆ ಹತ್ತೋ ಸಂಭ್ರಮ, ಕೆಳಗಿರೋರಿಗೆ ಜೀವ ಬಾಯಿಗೆ ಬರೋ ದಿನ. ಬೆಳಿಗ್ಗೆ ಎಂಟಕ್ಕೆ ಹಳಬರು ಇಳೀತಾರೆ, ಹನ್ನೊಂದಕ್ಕೆ ಹೊಸಬರು ಬಾಗಿಲಲ್ಲಿ. ನಡುವೆ ಎರಡು ಸಾವಿರ ಹಾಸಿಗೆಯ ಬಟ್ಟೆ ಕಿತ್ತು ಕೆಳಗೆ ಸುರೀತಾರೆ. ಮೊಣಕಾಲಿನ ತನಕ ಯಾರ್ಯಾರದೋ ನಿದ್ದೆಯ ವಾಸನೆ. ಸಮುದ್ರದ ಮೇಲೆ ಹನ್ನೊಂದು ವರ್ಷ ಇದ್ದೂ ನಾನು ಕಂಡ ಕಿಟಕಿ ಅಂದರೆ ಡ್ರೈಯರ್‌ನ ಗುಂಡು ಗಾಜು. ದುಡಿದಿದ್ದೆಲ್ಲ ಆ ಅಂಗಡಿಗೇ ಬಂತು. ನಿಮ್ಮ ಅಣ್ಣ ಏನು ಕರೀತಿದ್ರು ನನ್ನ? 'ಲಾಂಡ್ರಿ ಮೇಡಂ.' ನೆಂಟರು ತುಂಬಿದ ಮನೆಯಲ್ಲಿ, ಗಟ್ಟಿಯಾಗಿ. ನೀವು ತಟ್ಟೆ ನೋಡ್ಕೊಂಡು ಊಟ ಮಾಡಿದ್ರಿ.

ಇವತ್ತು ಅದೇ ಲಾಂಡ್ರಿ ಮೇಡಂ ಮುಂಬಾಗಿಲಿಂದ ಹತ್ತಬೇಕು ಅಂತ ಕೂತಿದಾಳೆ. ಒಂದೇ ಒಂದು ಸಲ. ಇಷ್ಟಕ್ಕೂ ಅಡ್ಡ ಅಂದರೆ... ನೋಡಿ, ಆಕ್ಸಿಜನ್ ಪೈಪು ಹಾಕಿದ ಮಾತ್ರಕ್ಕೆ ಎಲ್ಲ ಮುಗಿದೇ ಹೋಯ್ತು ಅಂತಲ್ಲ, ಈಗೀಗ ಎಲ್ಲರಿಗೂ ಹಾಕ್ತಾರೆ ಅದನ್ನ...

ಏನು?

ಯಾವ ಪೈಪು ಅಂದರೆ... ನೀವೇ ಹೇಳಿದ್ರಲ್ಲ ಮೊನ್ನೆ. ಇಲ್ವಾ? ಬರೀ ಕೆಮ್ಮು ಅಂದಿದ್ರಾ. ಹಾಗಾದರೆ ನಾನೇ ಏನೋ ಊಹೆ ಮಾಡ್ಕೊಂಡಿರಬೇಕು. ಆಸ್ಪತ್ರೆ ಅಂದ ಮೇಲೆ ಪೈಪು ಇದ್ದೇ ಇರುತ್ತಲ್ಲ ಅಂತ.

ಹದಿನಾಲ್ಕು ಕರೆದರು ನೋಡಿ. ಬೇಗಬೇಗ ಹೋಗ್ತಿದೆ.

ಫಾರಂ ಯಾಕೆ ಕೆಳಗಿಟ್ರಿ? ಬರೀರಿ. ಪೆನ್ನು ಬರ್ತಿಲ್ವಾ?

ರೀ.

ಹಾಗೆ ನೋಡಬೇಡಿ. ಬೈಯೋದಿದ್ದರೆ ಬೈದುಬಿಡಿ. ಸುತ್ತ ಜನ ಇದಾರೆ ಅಂತ ನೋಡಬೇಡಿ, ಇವರಲ್ಲಿ ಅರ್ಧ ಜನ ಬೆಳಿಗ್ಗೆಯಿಂದ ಜಗಳ ಆಡ್ಕೊಂಡೇ ಬಂದಿರೋದು.

ಸರಿ. ಬೆಳಿಗ್ಗೆ ಫೋನ್ ಬಂದಿತ್ತು. ಆರು ಗಂಟೆಗೆ. ನೀವು ಸ್ನಾನಕ್ಕೆ ಹೋಗಿದ್ರಿ, ಲಾಡ್ಜ್ ರೂಮಿನ ಮೇಜಿನ ಮೇಲೆ ಬಡ್ಕೋತಿತ್ತು, ತೆಗೆದೆ. ನಿಮ್ಮ ಅತ್ತಿಗೆ. ರಾತ್ರಿ ಉಸಿರಾಟಕ್ಕೆ ಕಷ್ಟ ಆಗಿ ಪೈಪು ಹಾಕಿದಾರಂತೆ. ಡಾಕ್ಟರು, ನೋಡೋರು ಇದ್ದರೆ ಬಂದು ನೋಡ್ಕೊಂಡು ಹೋಗಲಿ ಅಂದರಂತೆ. ಡಾಕ್ಟರುಗಳು ಯಾವಾಗಲೂ ಹಾಗೇ ಹೇಳ್ತಾರೆ, ಅವರಿಗೇನು...

ಮಾತಾಡಿ ರೀ. ಕೆಮ್ಮಿ ಬೇಕಾದರೆ.

ಕೇಳಿದರಂತೆ. ಹೌದು, ನಿಮ್ಮನ್ನೇ. ಬಾಗಿಲು ಸದ್ದಾದಾಗೆಲ್ಲ 'ಗುಂಡ ಬಂದನಾ' ಅಂತ ಕೇಳ್ತಿದಾರಂತೆ. ಗುಂಡ ಯಾರು ಅಂತ ನರ್ಸಿಗೆ ಗೊತ್ತಾಗದೆ, ಮೊಮ್ಮಗು ಇರಬೇಕು ಅಂದ್ಕೊಂಡಳಂತೆ. ಅಕ್ಕ ಅದನ್ನ ಹೇಳ್ತಾ ಒಂದು ಸಲ ನಕ್ಕರು. ಆಮೇಲೆ ಅತ್ತರು.

ಹೇಳೋಣ ಅಂತಲೇ ಇದ್ದೆ. ನೀವು ಒದ್ದೆ ತಲೆಯಲ್ಲಿ ಹೊರಗೆ ಬಂದ್ರಿ, ಆ ಹೊಸ ಅಂಗಿ ಹಾಕ್ಕೊಂಡು 'ಹೇಗಿದೆ' ಅಂತ ಕೇಳಿದ್ರಿ. ಮದುವೆಯಾದಾಗಿನಿಂದ ಒಂದು ಸಲವೂ ಕೇಳಿದವರಲ್ಲ. ನಾನು ಚೆನ್ನಾಗಿದೆ ಅಂದೆ. ಅಷ್ಟೇ ಆಗಿದ್ದು. ಆಮೇಲೆ ಟ್ಯಾಕ್ಸಿ ಬಂತು.

ಫೋನು? ಹೌದು, ಗೊತ್ತಿದ್ದೇ ಇಟ್ಟೆ.

ಇನ್ನೂ ಯಾಕೆ ನೋಡ್ತಿದೀರಿ? ಹೇಳಿಬಿಟ್ಟೆನಲ್ಲ. ಎಲ್ಲ ಹೇಳಿದೆ. ಅವರಿಗೆ ಏನಂದೆ ಅಂತಾನಾ? ಏನನ್ನಲಿ, ಹೇಳ್ತೀನಿ ಅಕ್ಕ ಅಂದೆ... ಅಂದೆ... ಇಲ್ಲ.

ಇಲ್ಲ, ಹಾಗನ್ನಲಿಲ್ಲ.

ಹಡಗು ಹೊರಟಾಯ್ತು ಅಂದೆ. ನಿನ್ನೆ ಸಂಜೆಯೇ ಹೊರಟ್ವಿ, ನಡುಸಮುದ್ರದಲ್ಲಿದೀವಿ, ಇಳಿಯೋಕಾಗಲ್ಲ ಅಂದೆ. ಬಾಯಿಂದ ಬಂದುಬಿಡ್ತು. ಕಿಟಕಿಯಿಂದ ನೋಡಿದರೆ ಎದುರಿಗೆ ಬಸ್ಸು ನಿಂತಿತ್ತು, ಹಾಲಿನ ಗಾಡಿ ನಿಂತಿತ್ತು, ನಾನು ನಡುಸಮುದ್ರ ಅಂದೆ. ಅಕ್ಕ ತುಂಬಾ ಮೆತ್ತಗೆ, 'ಹಾಗಾದರೆ ಕಾಯಬೇಡಿ ಅಂತ ಅವರಿಗೆ ಹೇಳಿಬಿಡ್ತೀನಮ್ಮ' ಅಂದರು.

ಹತ್ತೊಂಬತ್ತು. ನಮ್ಮದೇ ಕೂಗ್ತಿರೋದು.

ಆ ಕಡೆ ಅಲ್ಲ ರೀ, ಅದು ಹೊರಗೆ ಹೋಗೋ... ಗೊತ್ತಾ. ಸರಿ.

ಸ್ವಲ್ಪ ನಿಲ್ಲಿ. ನಿಲ್ಲಿ ಅಂದೆ, ಬೇಡ ಅನ್ನಲಿಲ್ಲ. ಟ್ಯಾಕ್ಸಿಯವನಿಗೆ ದೊಡ್ಡ ಸ್ಟೇಷನ್ ಅನ್ನಬೇಡಿ, ಸೇತುವೆ ಪಕ್ಕದ ಸಣ್ಣ ಸ್ಟೇಷನ್ ಅನ್ನಿ. ಮಧ್ಯಾಹ್ನ ಒಂದು ನಲವತ್ತಕ್ಕೆ ಊರಿಗೆ ನೇರ ರೈಲಿದೆ, ನಾಲ್ಕು ಗಂಟೆ ದಾರಿ.

ಹೌದು. ಬೆಳಿಗ್ಗೆಯೇ ನೋಡಿದ್ದೆ. ಎಂಟು ಐದಕ್ಕೂ ಒಂದಿತ್ತು.